ವಾಲ್ವ್ ಬೆನ್ನಿಗೆ ಕಟ್ಟುವ ಮಸಿ

2006ರ ಸುಮಾರಿಗೆ ರಸ್ತೆಗಿಳಿದ ಆಡಿ ಆರ್‌ಎಸ್4 ಕಾರಿನ ಎಂಜಿನ್ನಿಗೆ ಮಾರುಹೋದವರು ಬಹಳ. ವಿ8 ಎಂಜಿನ್, 4.2 ಲೀಟರ್, ಟರ್ಬೊ ಇಲ್ಲ. ಆದರೂ 420 ಅಶ್ವಶಕ್ತಿ. ಟ್ಯಾಕೋಮೀಟರಿನ ಮುಳ್ಳು 8,250ರವರೆಗೂ ಓಡುತ್ತಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟುಬರಬಹುದಾದ ನಾಲ್ಕು ಬಾಗಿಲಿನ ಕಾರಿನಲ್ಲಿ ರೇಸ್ ಕಾರಿನ ಕೂಗು. ಕೆಲವು ವರ್ಷ ಓಡಿಸಿದ ಮೇಲೆ ಮಾಲೀಕರು ಆ ಕಾರುಗಳನ್ನು ಡೈನೋ ಮೇಲೆ ಹತ್ತಿಸಿ ಶಕ್ತಿ ಅಳೆಸಿದರು. ಎಷ್ಟೋ ಕಾರುಗಳಲ್ಲಿ 420 ಸಿಗಲಿಲ್ಲ, ಹತ್ತಾರು ಅಶ್ವಶಕ್ತಿ ಕಡಿಮೆ ಬಂತು. ಪ್ಲಗ್ ಸರಿಯಿತ್ತು, ಕಾಯಿಲ್ ಸರಿಯಿತ್ತು, ಹಾಕಿದ್ದು ಒಳ್ಳೆಯ ಪೆಟ್ರೋಲೇ. ಕೊನೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಇಣುಕಿದಾಗ ಕಾರಣ ಕಣ್ಣೆದುರೇ ಇತ್ತು. ಗಾಳಿ ಒಳಗೆ ಬಿಡುವ ವಾಲ್ವುಗಳ ಬೆನ್ನಿಗೂ ಕಾಂಡಕ್ಕೂ ಕಪ್ಪು ಹಕ್ಕಳೆ ದಪ್ಪಗೆ ಅಂಟಿ ಕೂತಿತ್ತು.

ಇದು ಮಾಲೀಕರ ಅಲಕ್ಷ್ಯದಿಂದ ಆದದ್ದಲ್ಲ, ಆ ಎಂಜಿನ್ನಿನ ಹುಟ್ಟಿನಲ್ಲೇ ಇದ್ದ ಗುಣ. ಅದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಇರುವುದು ವಾಲ್ವಿನ ಹೊರಗೆ, ಗಾಳಿ ಬರುವ ದಾರಿಯಲ್ಲಿ. ಅಲ್ಲಿಂದ ಚಿಮ್ಮಿದ ಪೆಟ್ರೋಲು ಬಿಸಿ ವಾಲ್ವಿನ ಬೆನ್ನಿಗೆ ಬಡಿದು ಆವಿಯಾಗಿ ಗಾಳಿಯ ಜೊತೆ ಒಳಗೆ ಹೋಗುತ್ತದೆ. ಹೋಗುವಾಗ ವಾಲ್ವನ್ನು ತೊಳೆದೇ ಹೋಗುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಇಂಜೆಕ್ಟರನ್ನು ಸಿಲಿಂಡರಿನ ಒಳಕ್ಕೇ ತಂದರು. ನೂರು ಬಾರ್‌ಗೂ ಮಿಕ್ಕ ಒತ್ತಡದಲ್ಲಿ ಪೆಟ್ರೋಲು ನೇರವಾಗಿ ದಹನಕೋಣೆಗೆ ಬೀಳುತ್ತದೆ. ಅಲ್ಲೇ ಆವಿಯಾಗುವಾಗ ಸುತ್ತಲಿನ ಶಾಖ ಹೀರಿ ಗಾಳಿಯನ್ನು ತಂಪು ಮಾಡುತ್ತದೆ. ಗಾಳಿ ತಂಪಾದರೆ ನಾಕಿಂಗ್, ಅಂದರೆ ಪೆಟ್ರೋಲು ತಾನಾಗಿ ಹೊತ್ತಿ ಸಿಡಿಯುವ ಭಯ ಕಡಿಮೆ. ಅದಕ್ಕೇ ಆರ್‌ಎಸ್4ನಲ್ಲಿ ಕಂಪ್ರೆಷನ್ 12.5:1ರಷ್ಟು ಎತ್ತರಕ್ಕೆ ಹೋಗಲು ಸಾಧ್ಯವಾಯಿತು. ಶಕ್ತಿ ಹೆಚ್ಚಿತು, ಪೆಟ್ರೋಲ್ ಉಳಿಯಿತು. ಆದರೆ ವಾಲ್ವಿನ ಬೆನ್ನಿಗೆ ಇನ್ನು ಒಂದು ಹನಿ ಪೆಟ್ರೋಲೂ ತಾಕದು.

ಹಾಗಾದರೆ ಅಲ್ಲಿಗೆ ತಾಕುವುದೇನು? ಪಿಸ್ಟನ್ ರಿಂಗುಗಳ ಸಂದಿಯಿಂದ ಒಂದಿಷ್ಟು ಹೊಗೆ ಸದಾ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತಿರುತ್ತದೆ. ಅದನ್ನು ಹೊರಗೆ ಬಿಡುವಂತಿಲ್ಲ, ವಾಯುಮಾಲಿನ್ಯದ ಕಾನೂನು ಬಿಡುವುದಿಲ್ಲ. ಹಾಗಾಗಿ ಪಿಸಿವಿ ಎಂಬ ಕೊಳವೆ ವ್ಯವಸ್ಥೆಯ ಮೂಲಕ ಮತ್ತೆ ಗಾಳಿಯ ದಾರಿಗೇ ಸೇರಿಸಿ ಸುಡುತ್ತಾರೆ. ಈ ಹೊಗೆಯ ಜೊತೆ ಎಂಜಿನ್ ಆಯಿಲಿನ ಸಣ್ಣ ತುಂತುರೂ ಬರುತ್ತದೆ. ವಾಲ್ವಿನ ಕಾಂಡದ ಸೀಲಿನಿಂದಲೂ ಸ್ವಲ್ಪ ಆಯಿಲ್ ಇಳಿಯುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವುಗಳೆರಡೂ ತೆರೆದಿರುವ ಆ ಕ್ಷಣದಲ್ಲಿ ಸುಟ್ಟ ಹೊಗೆಯೂ ಹಿಂದಕ್ಕೆ ನುಗ್ಗಿ ಮಸಿ ತರುತ್ತದೆ. ಒಗ್ಗರಣೆ ಒಲೆಯ ಹಿಂದಿನ ಗೋಡೆಗೆ ಜಿಡ್ಡು ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಲೋಹವೇ ಸುಮಾರು 200–300 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಬಿದ್ದ ಆಯಿಲು ಅಲ್ಲೇ ಬೆಂದು ಕರಕಲಾಗಿ, ಅದರ ಮೇಲೆ ಇನ್ನೊಂದು ಪದರ ಬಂದು ಕೂರುತ್ತದೆ.

ವಾಲ್ವಿಗೆ ಕಾರ್ಬನ್ ಕಟ್ಟುವ ಕಾಟ ಹೊಸದೇನಲ್ಲ. 1980ರ ದಶಕದಲ್ಲಿ ಹೊರಗಿನಿಂದ ಇಂಜೆಕ್ಟ್ ಮಾಡುವ ಎಂಜಿನ್ನುಗಳಲ್ಲೂ ಅದಿತ್ತು. ಆಗ ಅದಕ್ಕೆ ಮದ್ದು ಸಿಕ್ಕಿದ್ದು ಪೆಟ್ರೋಲಿನಲ್ಲೇ, ಡಿಟರ್ಜೆಂಟ್ ಬೆರೆಸಿ. ಯಾವ ಪೆಟ್ರೋಲು ವಾಲ್ವನ್ನು ಎಷ್ಟು ಶುಚಿಯಾಗಿಡುತ್ತದೆ ಎಂದು ಅಳೆಯಲು 1985ರ ಬಿಎಂಡಬ್ಲ್ಯು 318ಐ ಕಾರನ್ನು 10,000 ಮೈಲಿ, ಅಂದರೆ 16,000 ಕಿಲೋಮೀಟರ್ ಓಡಿಸಿ, ವಾಲ್ವ್ ಬಿಚ್ಚಿ ತೂಗುವ ಪರೀಕ್ಷೆ ರೂಢಿಗೆ ಬಂತು. 1995ರಿಂದ ಅಮೆರಿಕದಲ್ಲಿ ಪೆಟ್ರೋಲಿಗೆ ಡಿಟರ್ಜೆಂಟ್ ಸೇರಿಸುವುದು ಕಡ್ಡಾಯವಾಯಿತು. ಇಷ್ಟೆಲ್ಲ ಶ್ರಮಪಟ್ಟು ಪೆಟ್ರೋಲಿಗೆ ತೊಳೆಯುವುದನ್ನು ಕಲಿಸಿದ ಮೇಲೆ, ಹೊಸ ತಂತ್ರಜ್ಞಾನ ಆ ಪೆಟ್ರೋಲನ್ನೇ ವಾಲ್ವಿನ ಬಳಿಯಿಂದ ಎತ್ತಿಕೊಂಡು ಹೋಯಿತು. ಡೈರೆಕ್ಟ್ ಇಂಜೆಕ್ಷನ್ ಕಾರಿಗೆ ದುಬಾರಿ ಪೆಟ್ರೋಲ್ ಹಾಕಿಸಿ ವಾಲ್ವ್ ಶುಚಿಯಾದೀತು ಎಂದು ನಂಬಿರುವವರು ಇದನ್ನು ಗಮನಿಸಬೇಕು. ಆ ಪೆಟ್ರೋಲು ಇಂಜೆಕ್ಟರನ್ನು ಶುಚಿಯಾಗಿಟ್ಟೀತು, ವಾಲ್ವಿನ ಬೆನ್ನನ್ನು ಅದು ಕಾಣುವುದೇ ಇಲ್ಲ.

ಸಾಮಾನ್ಯ ಕಾರಿನಲ್ಲಿ ಈ ಹಕ್ಕಳೆ ಕಟ್ಟಿದರೂ ಬಹಳ ದಿನ ಗೊತ್ತಾಗದು. ಸ್ಪೋರ್ಟ್ಸ್ ಕಾರಿನಲ್ಲಿ ಗೊತ್ತಾಗುತ್ತದೆ. ಆರ್‌ಎಸ್4 ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 7,800 ಸುತ್ತಿನಲ್ಲಿ. 4.2 ಲೀಟರಿನ ಎಂಜಿನ್ ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿದರೆ ನಿಮಿಷಕ್ಕೆ 16,000 ಲೀಟರ್ ಆಯಿತು. ಅದರ ಎಂಟು ಸಿಲಿಂಡರುಗಳಿಗೆ ಹದಿನಾರು ಇನ್‌ಟೇಕ್ ವಾಲ್ವುಗಳು. ಒಂದೊಂದು ವಾಲ್ವೂ ಸೆಕೆಂಡಿಗೆ 65 ಸಲ ತೆರೆದು ಮುಚ್ಚುತ್ತ ನಿಮಿಷಕ್ಕೆ ಸಾವಿರ ಲೀಟರ್ ಗಾಳಿಯನ್ನು ಒಳಗೆ ಬಿಡಬೇಕು. ಇಂಥ ವೇಗದಲ್ಲಿ ನುಗ್ಗುವ ಗಾಳಿಗಾಗಿಯೇ ವಾಲ್ವಿನ ಬಾಗು, ಪೋರ್ಟಿನ ತಿರುವು ಎಲ್ಲವನ್ನೂ ಎಂಜಿನಿಯರುಗಳು ನಯವಾಗಿ ರೂಪಿಸಿರುತ್ತಾರೆ. ಅದರ ಮೇಲೆ ಉಬ್ಬುತಗ್ಗಿನ ಮಸಿ ಕೂತರೆ ಗಾಳಿ ತಡವರಿಸುತ್ತದೆ. ಊರೊಳಗೆ ಎರಡು ಸಾವಿರ ಸುತ್ತಿನಲ್ಲಿ ಓಡಿಸುವಾಗ ಏನೂ ತಿಳಿಯದು. ಮೇಲಿನ ಸುತ್ತುಗಳಲ್ಲಿ ಮಾತ್ರ ಪಿಕಪ್ ಸತ್ತಿರುತ್ತದೆ. ಯಾವುದಕ್ಕಾಗಿ ಇಷ್ಟು ಹಣ ಕೊಟ್ಟು ಕಾರು ತಂದರೋ ಅದೇ ಹೋಗಿರುತ್ತದೆ. ಬಿಎಂಡಬ್ಲ್ಯು 335ಐನಂಥ ಟರ್ಬೊ ಕಾರುಗಳಲ್ಲಿ ಲಕ್ಷಣ ಬೇರೆ ರೀತಿ. ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ನಡುಕ, ಮಿಸ್ಸಿಂಗ್, ಬಿಸಿಯಾದ ಮೇಲೆ ಸರಿ.

ಆಡಿ ಡೈರೆಕ್ಟ್ ಇಂಜೆಕ್ಷನ್ ತಂತ್ರಜ್ಞಾನವನ್ನು ರೇಸಿನಲ್ಲಿ ಗೆದ್ದು ತಂದಿತ್ತು. 2001ರ ಲೆ ಮಾನ್ಸ್ 24 ಗಂಟೆಯ ರೇಸಿನಲ್ಲಿ ಫ್ರಾಂಕ್ ಬೀಲಾ, ಟಾಮ್ ಕ್ರಿಸ್ಟೆನ್ಸೆನ್, ಎಮಾನುಯೆಲೆ ಪಿರ್ರೊ ಓಡಿಸಿ ಗೆದ್ದ ಆರ್8 ರೇಸ್ ಕಾರಿನಲ್ಲಿ ಇದೇ ಬಗೆಯ ಇಂಜೆಕ್ಷನ್ ಇತ್ತು. ಆದರೆ ರೇಸ್ ಎಂಜಿನ್ನನ್ನು ರೇಸ್ ಮುಗಿದ ಮೇಲೆ ಬಿಚ್ಚುತ್ತಾರೆ, ತೊಳೆಯುತ್ತಾರೆ, ಮತ್ತೆ ಕಟ್ಟುತ್ತಾರೆ. ಅದು ಲಕ್ಷ ಕಿಲೋಮೀಟರ್ ಓಡಬೇಕಿಲ್ಲ, ಟ್ರಾಫಿಕ್ಕಿನಲ್ಲಿ ನಿಂತು ಐಡ್ಲಿಂಗ್‌ನಲ್ಲಿ ಕಾಯಬೇಕಿಲ್ಲ. ಅಲ್ಲಿನ ಗೆಲುವು ಮನೆಯ ಕಾರಿನ ಹತ್ತು ವರ್ಷದ ಬಾಳಿಕೆಗೆ ಸಾಕ್ಷಿಯಾಗದು.

ಇದಕ್ಕೂ ಐವತ್ತು ವರ್ಷ ಹಿಂದಿನ ಕಥೆಯೊಂದಿದೆ. 1954ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡ ಮರ್ಸಿಡಿಸ್ 300 ಎಸ್‌ಎಲ್, ರೆಕ್ಕೆಯಂತೆ ಮೇಲೇಳುವ ಬಾಗಿಲುಗಳ ಆ ಸುಂದರಿ, ಡೈರೆಕ್ಟ್ ಇಂಜೆಕ್ಷನ್ನಿನ ಸ್ಪೋರ್ಟ್ಸ್ ಕಾರೇ. ಅದರ ಯಾಂತ್ರಿಕ ಪಂಪು ಬಾಷ್ ಕಂಪನಿಯದು. ಬೆಂಗಳೂರಿನ ಆಡುಗೋಡಿಯಲ್ಲಿ ಜನ ‘ಮೈಕೋ’ ಎಂದು ಕರೆಯುತ್ತಿದ್ದ ಕಾರ್ಖಾನೆಯ ಮೂಲ ಸಂಸ್ಥೆ. ಇಗ್ನಿಷನ್ ಆಫ್ ಮಾಡಿದ ಮೇಲೂ ಎಂಜಿನ್ ನಿಲ್ಲುವತನಕ ಆ ಪಂಪು ಪೆಟ್ರೋಲ್ ಚಿಮ್ಮುತ್ತಲೇ ಇರುತ್ತಿತ್ತು. ಸುಡದ ಪೆಟ್ರೋಲು ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲನ್ನು ತೆಳುವಾಗಿಸುತ್ತಿತ್ತು. ಆಗ ಪೆಟ್ರೋಲು ಆಯಿಲಿಗೆ ಸೇರಿ ತೊಂದರೆ. ಅರ್ಧ ಶತಮಾನದ ನಂತರ ಆಯಿಲು ಗಾಳಿಯ ದಾರಿಗೆ ಸೇರಿ ತೊಂದರೆ.

ಕಟ್ಟಿದ ಕಾರ್ಬನ್ ತೆಗೆಯಲು ನಂಬಬಹುದಾದ ದಾರಿ ಅಕ್ರೋಟಿನ ಚಿಪ್ಪು. ನಾವು ಒಡೆದು ಎಸೆಯುವ ಅದೇ ಗಟ್ಟಿ ಚಿಪ್ಪನ್ನು ರವೆಯಂತೆ ಪುಡಿಮಾಡಿರುತ್ತಾರೆ. ಮ್ಯಾನಿಫೋಲ್ಡ್ ಕಳಚಿ, ಕ್ರ್ಯಾಂಕನ್ನು ತಿರುಗಿಸಿ, ಕೆಲಸಕ್ಕೆ ತೆಗೆದುಕೊಂಡ ಸಿಲಿಂಡರಿನ ವಾಲ್ವುಗಳು ಪೂರ್ತಿ ಮುಚ್ಚಿವೆಯೆಂದು ಖಾತ್ರಿ ಮಾಡಿಕೊಂಡು, ಗಾಳಿಯ ಒತ್ತಡದಲ್ಲಿ ಈ ಪುಡಿಯನ್ನು ರಭಸದಿಂದ ಚಿಮ್ಮಿಸುತ್ತಾರೆ. ಪಕ್ಕದಲ್ಲೇ ವ್ಯಾಕ್ಯೂಮ್ ಅದನ್ನು ಹೀರಿಕೊಳ್ಳುತ್ತಿರುತ್ತದೆ. ಚಿಪ್ಪು ಕಾರ್ಬನ್ನನ್ನು ಕೆತ್ತುವಷ್ಟು ಗಡಸು, ಲೋಹವನ್ನು ಗೀರದಷ್ಟು ಮೆದು. ಒಂದೆರಡು ಕಣ ಒಳಗೇ ಉಳಿದರೂ ಸುಟ್ಟುಹೋಗುತ್ತದೆ. ಮರಳಾಗಿದ್ದರೆ ಸಿಲಿಂಡರ್ ಗೋಡೆಯೇ ಹಾಳಾಗುತ್ತಿತ್ತು. ದ್ರಾವಣದಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜುವುದೂ ಉಂಟು, ಅದು ತಾಳ್ಮೆಯ ಕೆಲಸ. ಗಾಳಿದಾರಿಗೆ ಸ್ಪ್ರೇ ಹೊಡೆದು ಹತ್ತು ನಿಮಿಷದಲ್ಲಿ ಶುಚಿ ಮಾಡುತ್ತೇವೆ ಎನ್ನುವ ಡಬ್ಬಿಗಳು ಮೇಲಿನ ಜಿಡ್ಡನ್ನು ಸ್ವಲ್ಪ ಕರಗಿಸಬಹುದು, ಬೆಂದು ಗಟ್ಟಿಯಾದ ಹಕ್ಕಳೆಯ ಮುಂದೆ ಅವುಗಳ ಆಟ ನಡೆಯದು.

ಟೈಮಿಂಗ್ ಬೆಲ್ಟ್ ಬದಲಿಸುವಂತೆ ಈ ಶುಚಿಯನ್ನೂ ಸರ್ವಿಸ್ ಪುಸ್ತಕದಲ್ಲಿ, ಇಷ್ಟು ಕಿಲೋಮೀಟರಿಗೊಮ್ಮೆ ಎಂದು ಬರೆದಿಟ್ಟಿದ್ದರೆ ಎಷ್ಟೋ ಜನ ಪ್ಲಗ್, ಕಾಯಿಲ್, ಇಂಜೆಕ್ಟರ್ ಎಂದು ಒಂದೊಂದನ್ನೇ ಬದಲಿಸಿ ಹಣ ಕಳೆದುಕೊಳ್ಳುತ್ತಿರಲಿಲ್ಲ.

ತಯಾರಕರಿಗೆ ದಾರಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಟೊಯೋಟ 2005ರಲ್ಲೇ ಲೆಕ್ಸಸ್ ಐಎಸ್350 ಕಾರಿನಲ್ಲಿ ಸಿಲಿಂಡರಿಗೊಂದು ಒಳ ಇಂಜೆಕ್ಟರ್, ಒಂದು ಹೊರ ಇಂಜೆಕ್ಟರ್ ಎರಡನ್ನೂ ಇಟ್ಟಿತು. 2012ರ ಟೊಯೋಟ 86 ಮತ್ತು ಸುಬರು ಬಿಆರ್‌ಜಡ್‌ಗೂ ಅದೇ ವ್ಯವಸ್ಥೆ ಬಂತು. ಆಮೇಲೆ ಲ್ಯಾಂಬೊರ್ಗಿನಿ ಹುರಕಾನ್, ಎರಡನೇ ಪೀಳಿಗೆಯ ಆಡಿ ಆರ್8 ರಸ್ತೆ ಕಾರು, 2018ರ ಫೋರ್ಡ್ ಮಸ್ಟಾಂಗ್ ವಿ8 ಎಲ್ಲವೂ ಈ ಜೋಡಿ ಇಂಜೆಕ್ಷನ್ನಿಗೆ ಬಂದವು. ಫೋಕ್ಸ್‌ವ್ಯಾಗನ್ ಬಳಗದ ಮೂರನೇ ಪೀಳಿಗೆಯ ಟಿಎಸ್‌ಐ ಎಂಜಿನ್ನಿಗೆ ಯುರೋಪಿನಲ್ಲಿ ಎರಡೂ ಬಗೆಯ ಇಂಜೆಕ್ಟರ್ ಇದ್ದವು, ಅಮೆರಿಕದಲ್ಲಿ ಒಳಗಿನದು ಮಾತ್ರ. ಹೊಗೆಯಲ್ಲಿನ ಸೂಕ್ಷ್ಮ ಕಣಗಳಿಗೆ ಯುರೋಪಿನ ಕಾನೂನು ಬಿಗಿ ಮಿತಿ ಹಾಕಿತ್ತು. ಹೊರ ಇಂಜೆಕ್ಟರ್ ಆ ಕಣಗಳನ್ನು ಕಡಿಮೆ ಮಾಡುತ್ತದೆ. ಊರಿನ ಗಾಳಿಗಾಗಿ ಬಂದ ಕಾನೂನು ಮಾಲೀಕನ ವಾಲ್ವನ್ನೂ ಉಳಿಸಿತು.

ನಮ್ಮಲ್ಲೂ ಇದು ಈಗ ಶ್ರೀಮಂತರ ಕಾರಿನ ಮಾತಷ್ಟೇ ಅಲ್ಲ. ಬೆಂಗಳೂರಿನ ಹುಡುಗರು ಮುಗಿಬಿದ್ದು ಕೊಂಡ ಪೋಲೊ ಜಿಟಿ ಟಿಎಸ್‌ಐ, ಹ್ಯುಂಡೈ ವೆನ್ಯೂ ಟರ್ಬೊ, ಮಹೀಂದ್ರ ಎಕ್ಸ್‌ಯುವಿ700 ಪೆಟ್ರೋಲ್, ಎಲ್ಲವೂ ಡೈರೆಕ್ಟ್ ಇಂಜೆಕ್ಷನ್ನಿನವು. ಇವುಗಳ ಮಾಲೀಕರು ಹೆದರಬೇಕಿಲ್ಲ, ಆಯಿಲಿನ ಕಡೆ ಕಣ್ಣಿಟ್ಟರೆ ಸಾಕು. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ ಆಯಿಲು ಎಷ್ಟು ಆವಿಯಾಗುತ್ತದೆ ಎಂದು ಅಳೆಯುವ ನೋಆಕ್ ಎಂಬ ಪರೀಕ್ಷೆ ಇದೆ. ಅಮೆರಿಕದ ಎಪಿಐ ಮಾನದಂಡ ಶೇ 15ರವರೆಗೆ ಒಪ್ಪುತ್ತದೆ, ಯುರೋಪಿನ ಎಸಿಇಎ ಸಿ3 ಶೇ 13ಕ್ಕೆ ನಿಲ್ಲಿಸುತ್ತದೆ. ಕಂಪನಿ ಹೇಳಿದ ಗುಣಮಟ್ಟದ ಆಯಿಲುಗಳಲ್ಲಿ ಈ ಸಂಖ್ಯೆ ಕಡಿಮೆ ಇರುವುದನ್ನು ಆರಿಸಿ, ಹೊತ್ತಿಗೆ ಸರಿಯಾಗಿ ಬದಲಿಸುವುದು ಒಳ್ಳೆಯದು. ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ, ಟೈರು ನೋಡಿದ ಮೇಲೆ ಒಬ್ಬ ಒಳ್ಳೆಯ ಮೆಕ್ಯಾನಿಕ್‌ನಿಂದ ಬೋರೋಸ್ಕೋಪ್ ಎಂಬ ಸಣ್ಣ ಇಣುಕು ಕ್ಯಾಮೆರಾ ಇಳಿಸಿ ವಾಲ್ವಿನ ಬೆನ್ನನ್ನು ನೋಡಿಸಲಿ. ಮಸಿ ದಪ್ಪಗಿದ್ದರೆ ಶುಚಿ ಮಾಡಿಸುವ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಬಹುದು.