ಒಕ್ಕಲಿಗನ ಮನೆಯಲ್ಲಿ ಮಿತವ್ಯಯ

ಮಿತವ್ಯಯವೆಂದೊಡನೆ ನಮ್ಮ ಜನರು ಮೊದಲು ಕೈಯಿಕ್ಕುವದು ಹಾಲು, ಮಜ್ಜಿಗೆ, ಕಾಯಿಪಲ್ಯಗಳ ಮೇಲೆ. ಹಾಲನ್ನೆಲ್ಲ ಮಾರಿ ಮಕ್ಕಳಿಗೆ ಬರಿಯ ಚಹ ಕೊಡುವ ಮನೆಗಳು ಕಡಿಮೆಯೇನಲ್ಲ. ಇದನ್ನು ಉಳಿತಾಯವೆಂದು ಕರೆಯಲು ನಮಗೆ ಮನಸ್ಸು ಬಾರದು. ರೋಣ ತಾಲೂಕಿನ ಅಸೂಟಿಯಂಥ ಎರೆಸೀಮೆಯ ಊರುಗಳಲ್ಲಿ, ಹಿಂಗಾರಿಯ ಹಸಿಯನ್ನು ನಂಬಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬೆಳೆಯುವ ಒಕ್ಕಲಿಗನ ಹಣವು ಸೋರಿ ಹೋಗುವದು ಊಟದ ಗಂಗಾಳದಿಂದಲ್ಲ, ಕಾಳಿನ ಚೀಲದಿಂದ.

ಲೆಕ್ಕ ಹಾಕಿ ನೋಡಿರಿ. ಐದು ಜನರ ಮನೆಗೆ ದಿನಕ್ಕೆ 2 ಕಿಲೋ ಜೋಳವೆಂದು ಹಿಡಿದರೆ ವರುಷಕ್ಕೆ 730 ಕಿಲೋ ಬೇಕಾಗುವದು. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಹುಳವು ತಿಂದಿತೆಂದರೆ 73 ಕಿಲೋ, ಅಂದರೆ 36 ದಿವಸಗಳ ರೊಟ್ಟಿ ಹೋದಂತಾಯಿತು. ಅಷ್ಟು ಜೋಳವನ್ನು ತಿರುಗಿ ಕೊಳ್ಳಬೇಕಾಗುವದು ಸುಗ್ಗಿಯ ಧಾರಣೆಯಿಂದಲ್ಲ, ಮಳೆಗಾಲದ ಧಾರಣೆಯಿಂದ. ಅದೂ ಬಹುಶಃ ಸಾಲದ ಹಣದಿಂದ.

ಆದುದರಿಂದ ಪೇಟೆಗೆ ಗಾಡಿ ಹೂಡುವ ಮೊದಲೇ ವರುಷದ ಊಟದ ಕಾಳನ್ನು ಬೇರೆ ತೆಗೆದಿರಿಸತಕ್ಕದ್ದು. ಕಾಳನ್ನು ಚೆನ್ನಾಗಿ ಒಣಗಿಸಿ, ಹಲ್ಲಿಗಿಟ್ಟು ಕಡಿದಾಗ ಕಟ್ಟೆಂದು ಒಡೆಯುವಂತಾದ ಮೇಲೆ, ಆರಿಸಿ ತುಂಬಬೇಕು. ಹಳೆಯ ಗೋಣಿಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕದೆ ಉಪಯೋಗಿಸಕೂಡದು. ಹೋದ ವರುಷದ ಹುಳವು ಹೊಲಿಗೆಯ ಸಂದಿಯಲ್ಲಿಯೇ ಅಡಗಿರುತ್ತದೆ. ಚೀಲಗಳನ್ನು ಗೋಡೆಗೆ ತಗಲಿಸದೆ ಹಲಗೆಗಳ ಮೇಲೆ ಒಟ್ಟಬೇಕು. ಊಟದ ಹೆಸರು, ಅಲಸಂದಿ, ಕಡಲೆಗಳಿಗೆ ಕಿಲೋಕ್ಕೆ 5 ಮಿಲಿಲೀಟರಿನಂತೆ ಅಡಿಗೆಯ ಎಣ್ಣೆಯನ್ನು ಸವರಿಟ್ಟರೆ ಕಾಳುಹುಳದ ಬಾಧೆ ಬಹಳ ಮಟ್ಟಿಗೆ ತಪ್ಪುವದು. ತೊಗರಿಯನ್ನು ಬೇಳೆ ಮಾಡಿ ಇಡುವ ನಮ್ಮ ತಾಯಂದಿರ ರೂಢಿಯೂ ಇದೇ ಕಾರಣಕ್ಕಾಗಿ ಒಳ್ಳೆಯದು.

ಹಗೇವುಗಳು ಈಗ ಬಹುತರ ಮುಚ್ಚಿಹೋಗಿವೆ. ಇದ್ದವರು ಒಂದು ಮಾತನ್ನು ಮರೆಯಕೂಡದು. ಬಾಯಿ ಮುಚ್ಚಿದ ಹಗೇವಿನಲ್ಲಿ ಪ್ರಾಣವಾಯು ತೀರಿ ಇಂಗಾಲಾಮ್ಲವಾಯು ತುಂಬುವದರಿಂದಲೇ ಅಲ್ಲಿ ಹುಳ ಸಾಯುತ್ತದೆ. ಇಳಿದ ಮನುಷ್ಯನೂ ಹಾಗೆಯೇ ಸಾಯುವನು. ಬಹಳ ಹೊತ್ತು ತೆರೆದು ಗಾಳಿಯಾಡಿಸದೆ, ಮೇಲೆ ಜನರನ್ನು ನಿಲ್ಲಿಸದೆ, ಯಾರೂ ಇಳಿಯಬಾರದು.

ಬಿತ್ತಿಗೆಯ ಜೋಳವನ್ನು ಹೊಲದಲ್ಲಿ ನಿಂತಿರುವಾಗಲೇ ಒಳ್ಳೆಯ ತೆನೆ ನೋಡಿ ಆರಿಸಿಕೊಂಡರೆ ಬೀಜದ ಖರ್ಚು ಉಳಿಯುವದು. ಬಿತ್ತುವಾಗ ಕಿಲೋ ಬೀಜಕ್ಕೆ 4 ಗ್ರಾಮ್ ನುಣುಪಾದ ಗಂಧಕದ ಪುಡಿಯನ್ನು ಹಚ್ಚಿದರೆ ತೆನೆಯ ಕಾಡಿಗೆ ರೋಗವು ತಡೆಯುವದು. ಈ ಸಣ್ಣ ಖರ್ಚನ್ನು ಉಳಿಸಹೋಗಿ ತೆನೆಗಳನ್ನು ಕಳೆದುಕೊಳ್ಳುವದು ಎಂಥ ಮಿತವ್ಯಯ? ಗಂಧಕ ಹಚ್ಚಿ ಮಿಕ್ಕ ಬೀಜವನ್ನು ಬೀಸಲು ಹಾಕಕೂಡದು. ಸಂಕರಣ ಹತ್ತಿಯ ಬೀಜವನ್ನು ಮಾತ್ರ ಮನೆಯಲ್ಲಿ ಉಳಿಸಿ ಬಿತ್ತುವದರಲ್ಲಿ ಲಾಭವಿಲ್ಲ. ಮರುವರುಷ ಗಿಡಗಳು ಒಂದೇ ತರಹ ಬರುವದಿಲ್ಲ.

ಒಲೆಯ ಮಾತು. ಕುಳ್ಳು ಸುಟ್ಟರೆ ಹೊಲಕ್ಕೆ ಸೇರತಕ್ಕ ಸಾರಜನಕವು ಹೊಗೆಯ ಸಂಗಡ ಹೋಗುವದು. ಆಮೇಲೆ ಅದನ್ನೇ ಯೂರಿಯಾ ಚೀಲದಲ್ಲಿ ಕೊಂಡು ತರುವೆವು. ಸಗಣಿಯು ತಿಪ್ಪೆಗೆ, ಹತ್ತಿಕಟ್ಟಿಗೆಯು ಒಲೆಗೆ ಇರಲಿ. ಕಟ್ಟಿಗೆಯಲ್ಲಿ ಉಳಿದ ಒಣಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಇರುವದರಿಂದ ಅವನ್ನು ಮೊದಲು ಕಿತ್ತು ಸುಡಬೇಕು.

ಹೀಗೆ ಉಳಿದ ದುಡ್ಡನ್ನು ಗಡಿಗೆಯಲ್ಲಿ ಇಟ್ಟರೆ ಜಾತ್ರೆಗೆ ಹೋಗುವದು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಇಂದು ಸೊಸೈಟಿಯಲ್ಲದೆ, 2000-01ರಿಂದ ಸ್ತ್ರೀಶಕ್ತಿ ಸಂಘಗಳೂ ಇವೆ. ವಾರದ ಹಣವನ್ನು ಮನೆಯ ಹೆಂಗಸರ ಕೈಯಿಂದಲೇ ಅಲ್ಲಿ ಕಟ್ಟಿಸಿ, ಕಟ್ಟಿದ ದಿನವೇ ಪುಸ್ತಕದಲ್ಲಿ ಬರೆಯಿಸಿಕೊಂಡು ಬರತಕ್ಕದ್ದು.