ಕಾಲಾ ಮೋತಿಯಾ: ಕಣ್ಣಿನ ಹನಿ ಮತ್ತು ರಮಝಾನ್ ಉಪವಾಸ



ಮನೆಯ ಹಿರಿಯರಿಗೆ ಕಣ್ಣು ಮಂಜಾದರೆ ನಮ್ಮಲ್ಲಿ ಒಂದೇ ಮಾತು: ‘ಮೋತಿಯಾ ಬಂದಿದೆ, ಬಲಿಯಲಿ, ಆಮೇಲೆ ಆಪರೇಷನ್ ಮಾಡಿಸೋಣ.’ ಈ ಮಾತಿನಿಂದಲೇ ಎಷ್ಟೋ ಕಣ್ಣು ಹೋಗಿವೆ. ಮೋತಿಯಾ ಎರಡು ಬಗೆಯದು. ಸಫೇದ್ ಮೋತಿಯಾ ಎಂದರೆ ಕಣ್ಣಿನ ಪೊರೆ; ಅದನ್ನು ತೆಗೆದು ಲೆನ್ಸ್ ಹಾಕಿದರೆ ದೃಷ್ಟಿ ಮರಳುತ್ತದೆ. ಕಾಲಾ ಮೋತಿಯಾ ಎಂದರೆ ಗ್ಲಾಕೋಮಾ. ಅದರಲ್ಲಿ ಹೋದ ದೃಷ್ಟಿಯನ್ನು ಯಾವ ಆಪರೇಷನ್ನೂ ಮರಳಿ ತರಲಾರದು. ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ.

ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟಿ, ಸಣ್ಣ ಜಾಲರಿಯ ಮೂಲಕ ಹೊರಹೋಗುತ್ತಿರುತ್ತದೆ. ಹೊರದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನವಾಗಿ ಸಾಯುತ್ತದೆ. ಸಾಮಾನ್ಯ ಒತ್ತಡ 10ರಿಂದ 21ರವರೆಗೆ; ಕೆಲವರಿಗೆ ಒತ್ತಡ ಇಷ್ಟರೊಳಗೇ ಇದ್ದರೂ ನರ ಕೆಡುತ್ತದೆ. ಮೊದಲು ಹೋಗುವುದು ಅಂಚಿನ ನೋಟ. ಎದುರಿನದು ಸರಿಯಾಗಿ ಕಾಣುತ್ತಿರುವುದರಿಂದ, ನೋವೂ ಇಲ್ಲದಿರುವುದರಿಂದ, ರೋಗಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಬಗೆ ಹಾಗಲ್ಲ. ಇದ್ದಕ್ಕಿದ್ದಂತೆ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಅದನ್ನು ಪಿತ್ತವೆಂದು ಮಲಗಿಸಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ವಿಷಯ ಜುಮಾದಲ್ಲಿ ಹೇಳಲು ಕಾರಣವಿದೆ. ಹನಿ ಹಾಕಿದರೆ ಉಪವಾಸ ಮುರಿಯುತ್ತದೆಂದು ರಮಝಾನಿನ ಮೂವತ್ತು ದಿನವೂ ಸೀಸೆ ಮುಟ್ಟದವರು ನಮ್ಮ ನಡುವೆ ಇದ್ದಾರೆ. ಅವರ ನಿಯ್ಯತ್ ಒಳ್ಳೆಯದು, ತಿಳಿವಳಿಕೆ ತಪ್ಪು. ಹನಫಿ ಮತ್ತು ಶಾಫಿ ಮದ್‌ಹಬ್‌ಗಳಲ್ಲಿ ಕಣ್ಣಿಗೆ ಹಾಕಿದ ಸುರ್ಮಾ ಅಥವಾ ಮದ್ದಿನಿಂದ ಉಪವಾಸ ಮುರಿಯುವುದಿಲ್ಲ, ಗಂಟಲಲ್ಲಿ ರುಚಿ ಕಂಡರೂ ಸಹ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ 1997ರಲ್ಲಿ ಕಣ್ಣಿನ ಹನಿಯ ಬಗ್ಗೆ ಹೀಗೆಯೇ ತೀರ್ಮಾನಿಸಿದೆ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ಮದ್ದು ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ, ಕಣ್ಣಲ್ಲೂ ಚೆನ್ನಾಗಿ ನಿಲ್ಲುತ್ತದೆ. ಇದು ವರ್ಷವಿಡೀ ಮಾಡಬೇಕಾದ ಕ್ರಮವೇ.

ವೇಳೆಯೂ ಕಷ್ಟವಲ್ಲ. ಲಟಾನೊಪ್ರೊಸ್ಟ್ ದಿನಕ್ಕೊಂದೇ ಸಲ, ರಾತ್ರಿ; ತರಾವೀಹ್ ಮುಗಿಸಿ ಬಂದು ಹಾಕಿದರಾಯಿತು. ಕಣ್ಣು ಸ್ವಲ್ಪ ಕೆಂಪಾಗಬಹುದು, ರೆಪ್ಪೆಗೂದಲು ಉದ್ದವಾಗಬಹುದು, ಹೆದರಬೇಡಿ. ಟಿಮೊಲೋಲ್ ಸಾಮಾನ್ಯವಾಗಿ ದಿನಕ್ಕೆರಡು ಸಲ, ಸಹರಿಗೊಂದು, ಇಫ್ತಾರಿಗೊಂದು. ಆದರೆ ಉಬ್ಬಸ ಇರುವವರು, ನಾಡಿಬಡಿತ ನಿಧಾನವಿರುವವರು ಟಿಮೊಲೋಲ್ ಹಾಕುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಕಣ್ಣಿನ ಹನಿ ತಾನೇ ಎಂದುಕೊಳ್ಳುತ್ತೇವೆ, ಅದು ರಕ್ತಕ್ಕೆ ಸೇರಿ ಉಸಿರು ಕಟ್ಟಿಸಬಲ್ಲದು. ತಂಬಾಕು ಬ್ಯಾರನ್ನಿನ ಹೊಗೆ, ದೂಳಿನಲ್ಲಿ ದುಡಿದು ಎದೆ ಕೆಡಿಸಿಕೊಂಡವರು ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಕಡಿಮೆಯಿಲ್ಲ. ಬ್ರಿಮೊನಿಡಿನ್‌ನಿಂದ ಬಾಯಿ ಒಣಗಿ ನಿದ್ದೆ ಬರಬಹುದು, ಡಾರ್ಜೊಲಮೈಡ್ ಉರಿದು ಬಾಯಿ ಕಹಿಯಾಗಬಹುದು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಒಮ್ಮೆಗೆ ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ ಹರಿಯುತ್ತದೆ. ಅಸಿಟಜೋಲಮೈಡ್ ಮಾತ್ರೆ ಬೇರೆ ವಿಷಯ. ನುಂಗಿದರೆ ಉಪವಾಸ ಮುರಿಯುತ್ತದೆ, ಮೂತ್ರವೂ ಹೆಚ್ಚು ಹೋಗುತ್ತದೆ. ಅದನ್ನು ತೆಗೆದುಕೊಳ್ಳುವವರು ಶಅಬಾನ್‌ನಲ್ಲೇ ಡಾಕ್ಟರನ್ನು ಕಂಡು ಕೇಳಿಕೊಳ್ಳಲಿ. ರೋಗಿಗೆ ಅಲ್ಲಾಹನು ಕೊಟ್ಟಿರುವ ರಿಯಾಯಿತಿಯನ್ನು ಬಳಸುವುದು ನಾಚಿಕೆಯಲ್ಲ.

ಇಫ್ತಾರಿನಲ್ಲಿ ಒಂದು ಎಚ್ಚರ: ಒಂದೇ ಗುಟುಕಿಗೆ ಲೀಟರ್‌ಗಟ್ಟಲೆ ನೀರು ಕುಡಿದರೆ ಈ ರೋಗಿಗಳ ಕಣ್ಣಿನ ಒತ್ತಡ ಸ್ವಲ್ಪ ಹೊತ್ತು ಏರುತ್ತದೆ. ಮೂರು ಉಸಿರಿನಲ್ಲಿ ಕುಡಿಯುವ ಸುನ್ನತ್ ಇಲ್ಲಿಯೂ ಒಳ್ಳೆಯದೇ. ಸಜ್ದಾದಲ್ಲಿಯೂ ಒತ್ತಡ ಕ್ಷಣಕಾಲ ಏರಿ, ಎದ್ದಾಗ ಇಳಿಯುತ್ತದೆ. ಇದಕ್ಕಾಗಿ ನಮಾಝ್ ಬಿಡಬೇಕಿಲ್ಲ. ಆಪರೇಷನ್ ಆದ ಹೊಸತರಲ್ಲಿ ಬಾಗಬೇಡಿ ಎಂದರೆ ಕುಳಿತು ಸನ್ನೆಯಲ್ಲಿ ನಮಾಝ್ ಮಾಡಿ, ಪಟ್ಟಿಯ ಮೇಲೆ ಮಸಹ್ ಮಾಡಿ.

ಇನ್ನು ಸುರ್ಮಾ. ಸುನ್ನತ್ ಎಂದು ಹಚ್ಚುವವರೊಂದಿಗೆ ನನಗೆ ವಾದವಿಲ್ಲ. ಆದರೆ ಸಂತೆಯಲ್ಲಿ ಸಿಗುವ ಎಷ್ಟೋ ಸುರ್ಮಾದಲ್ಲಿ ಸೀಸ ಇರುತ್ತದೆ, ಕಾಲಾ ಮೋತಿಯಾಗೆ ಅದು ಮದ್ದೂ ಅಲ್ಲ. ಮದ್ದು ಮಾಡಬೇಕೇ ಎಂದು ಕೇಳಿದ ಹಳ್ಳಿಗರಿಗೆ ಪ್ರವಾದಿಯವರು (ಸ) ಮಾಡಿಸಿರಿ ಎಂದದ್ದನ್ನು ಉಸಾಮಾ ಬಿನ್ ಶರೀಕ್ (ರ) ವರದಿ ಮಾಡಿದ್ದಾರೆ.

ಮಕ್ಕಳ ಕಣ್ಣು ತುರಿಸಿ ಕೆಂಪಾದರೆ ಮೆಡಿಕಲ್ ಶಾಪಿನಿಂದ ಹನಿ ತಂದು ತಿಂಗಳುಗಟ್ಟಲೆ ಹಾಕುವುದನ್ನು ನಿಲ್ಲಿಸಿ. ಅವುಗಳಲ್ಲಿ ಸ್ಟಿರಾಯ್ಡ್ ಇದ್ದರೆ ತುರಿಕೆ ಹೋಗುತ್ತದೆ, ಒಳಗೊಳಗೇ ಒತ್ತಡ ಏರಿ ಮಗುವಿಗೇ ಕಾಲಾ ಮೋತಿಯಾ ಬರಬಹುದು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂಬ ಹೆಸರುಗಳನ್ನು ಸೀಸೆಯ ಮೇಲೆ ಓದಲು ಕಲಿಯಿರಿ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ದಪ್ಪ ಮೈನಸ್ ಕನ್ನಡಕದವರು ಪರೀಕ್ಷೆ ಮಾಡಿಸಲಿ. ಕನ್ನಡಕದ ನಂಬರ್ ನೋಡಿಸಿದರೆ ಸಾಲದು, ಒತ್ತಡ ಮತ್ತು ನರ ಎರಡನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ, ಎಚ್.ಡಿ. ಕೋಟೆ ಕಡೆಯವರು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹನಿಯ ಖರ್ಚು ಭಾರವಾದರೆ ಬಿಟ್ಟುಬಿಡುವ ಮುಂಚೆ ಜನೌಷಧಿ ಮಳಿಗೆಯಲ್ಲಿ ಕೇಳಿ, ಜಮಾಅತ್ ಕಮಿಟಿಗೂ ತಿಳಿಸಿ. ಅರ್ಹರಿಗೆ ಝಕಾತಿನ ಹಣದಿಂದ ಮದ್ದು ಕೊಡಿಸಬಹುದು. ಒಬ್ಬರಿಗೆ ಕಾಲಾ ಮೋತಿಯಾ ಎಂದು ತಿಳಿದ ಮನೆಯಲ್ಲಿ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಬೆಳೆದ ಮಕ್ಕಳು ಎಲ್ಲರೂ ಕಣ್ಣು ತೋರಿಸಬೇಕು, ಏನೂ ತೊಂದರೆ ಕಾಣದಿದ್ದರೂ.