ಸೇನೆಯಲ್ಲಿನ ಲೈಂಗಿಕ ಆಘಾತ ಮತ್ತು ಅಂಗವೈಕಲ್ಯ ಪರಿಹಾರ: ಅಮೆರಿಕದಲ್ಲಿ ಸಾಕ್ಷ್ಯದ ಪ್ರಶ್ನೆ

ಸೇವಾವಧಿಯಲ್ಲಿ ಸೈನಿಕನಿಗೆ ಒದಗಿದ ಗಾಯಕ್ಕೆ ರಾಷ್ಟ್ರವೇ ಹೊಣೆ ಹೊರಬೇಕೆಂಬುದು ಅಮೆರಿಕ ಸಂಯುಕ್ತ ಸಂಸ್ಥಾನವು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ತತ್ತ್ವ. ಗುಂಡೇಟಿನಿಂದ ಕಾಲು ಕಳೆದುಕೊಂಡವನ ಗಾಯವು ಸೇನಾ ಆಸ್ಪತ್ರೆಯ ಕಡತದಲ್ಲಿರುತ್ತದೆ; ಕಾಳಗದ ವಿವರವು ಪಡೆಯ ದಿನಚರಿಯಲ್ಲಿರುತ್ತದೆ. ಆದರೆ ಸಹಸೈನಿಕನಿಂದಲೋ ಮೇಲಧಿಕಾರಿಯಿಂದಲೋ ಲೈಂಗಿಕ ಆಕ್ರಮಣಕ್ಕೆ ಒಳಗಾದವರ ಗಾಯವು ಬಹುಮಟ್ಟಿಗೆ ಯಾವ ಕಡತದಲ್ಲಿಯೂ ಕಾಣಸಿಗದು. ದಾಖಲೆಯನ್ನೇ ಆಧಾರವಾಗಿ ಕೇಳುವ ವ್ಯವಸ್ಥೆಯು ದಾಖಲೆಯೇ ಇಲ್ಲದ ಗಾಯವನ್ನು ಹೇಗೆ ಎದುರಿಸಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯು ಮಾನಸಿಕ ಆಘಾತಕ್ಕೆ ಪರಿಹಾರ ನೀಡಬೇಕಾದರೆ ಮೂರು ಅಂಶಗಳು ಸಿದ್ಧವಾಗಬೇಕು. ಮೊದಲನೆಯದು, ವ್ಯಾಧಿಯ ವೈದ್ಯಕೀಯ ನಿದಾನ. ಎರಡನೆಯದು, ಆಘಾತಕಾರಿ ಘಟನೆಯು ಸೇವಾವಧಿಯಲ್ಲಿ ನಡೆಯಿತೆಂಬುದಕ್ಕೆ ವಿಶ್ವಾಸಾರ್ಹ ಪೋಷಕ ಸಾಕ್ಷ್ಯ. ಮೂರನೆಯದು, ಇವೆರಡರ ನಡುವಣ ಸಂಬಂಧ. ಇಷ್ಟು ಸಿದ್ಧವಾದ ಮೇಲೆ ವ್ಯಕ್ತಿಯ ಉದ್ಯೋಗಕ್ಕೂ ಸಾಮಾಜಿಕ ಜೀವನಕ್ಕೂ ಆದ ಕುಂದನ್ನು ಅಳೆದು ಶೇಕಡಾ 0, 10, 30, 50, 70 ಅಥವಾ 100ರ ದರ್ಜೆಯನ್ನು ನಿಗದಿಪಡಿಸಲಾಗುತ್ತದೆ. ಆಘಾತೋತ್ತರ ಒತ್ತಡದ ವ್ಯಾಧಿಯು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಸ್ಥಾನ ಪಡೆದುದು 1980ರಲ್ಲಿ. ಆದುದರಿಂದ ಮೊದಲನೆಯ ಅಂಶವನ್ನು ಪೂರೈಸುವುದು ಈಗ ಅಷ್ಟು ಕಷ್ಟವಲ್ಲ. ತೊಡಕಿರುವುದು ಎರಡನೆಯದರಲ್ಲಿ.

ರಣರಂಗದ ಗೊಂದಲದಲ್ಲಿ ದಾಖಲೆಗಳು ಉಳಿಯಲಾರವೆಂಬುದನ್ನು ಶಾಸನವು ಮೊದಲೇ ಮನಗಂಡಿತ್ತು. ಕಾಳಗದಲ್ಲಿ ಪಾಲ್ಗೊಂಡವರ ಸ್ವಂತ ಹೇಳಿಕೆಯನ್ನು, ಅದು ಅವರ ಸೇವೆಯ ಸನ್ನಿವೇಶಕ್ಕೆ ಹೊಂದುವಂತಿದ್ದರೆ, ಸ್ವೀಕರಿಸಬೇಕೆಂಬ ರಿಯಾಯಿತಿಯು 1941ರಿಂದಲೇ ಬಂದುದು. 2010ರಲ್ಲಿ ಶತ್ರುದಾಳಿಯ ಭಯದಿಂದ ಉಂಟಾದ ಆಘಾತಕ್ಕೂ ಇಂಥ ಸಡಿಲಿಕೆ ದೊರೆಯಿತು. ಲೈಂಗಿಕ ಆಕ್ರಮಣದ ಸಂತ್ರಸ್ತರಿಗೆ ಮಾತ್ರ ಈ ರಿಯಾಯಿತಿ ಅನ್ವಯಿಸಲಿಲ್ಲ. ಶತ್ರುವಿನಿಂದಾದ ಗಾಯಕ್ಕೆ ಸೈನಿಕನ ಮಾತೇ ಸಾಕಾಗಬಹುದು, ಸ್ವಪಕ್ಷೀಯನಿಂದಾದ ಗಾಯಕ್ಕೆ ಬೇರೆ ಸಾಕ್ಷ್ಯ ಬೇಕು ಎಂಬಂತಾಯಿತು.

ದಾಖಲೆ ಏಕೆ ಇರುವುದಿಲ್ಲ ಎಂಬುದಕ್ಕೆ ಸೇನೆಯ ರಚನೆಯಲ್ಲಿಯೇ ಉತ್ತರವಿದೆ. ದೂರು ಬಹುಮಟ್ಟಿಗೆ ಸಲ್ಲುತ್ತಿದ್ದುದು ಅಧಿಕಾರಶ್ರೇಣಿಯ ಮೂಲಕ. ಆಕ್ರಮಣಕಾರನೂ ಅದೇ ಶ್ರೇಣಿಯಲ್ಲಿರಬಹುದು. ಇಂಥ ಅಪರಾಧಗಳಲ್ಲಿ ದೋಷಾರೋಪಣೆಯ ನಿರ್ಧಾರವು 2023ರ ಅಂತ್ಯದವರೆಗೂ ಕಮಾಂಡರುಗಳ ಕೈಯಲ್ಲಿತ್ತು. ಅನಂತರವೇ ಅದು ಸ್ವತಂತ್ರ ಅಭಿಯೋಜಕರಿಗೆ ವರ್ಗಾವಣೆಯಾಯಿತು. ದೂರಿತ್ತ ಅನೇಕರನ್ನು ವ್ಯಕ್ತಿತ್ವದೋಷದ ಹೆಸರಿನಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಯಿತು. ವ್ಯಕ್ತಿತ್ವದೋಷವನ್ನು ಪರಿಹಾರದ ನಿಯಮಗಳು ಸೇವೆಯಿಂದ ಬಂದ ವ್ಯಾಧಿಯೆಂದು ಪರಿಗಣಿಸುವುದಿಲ್ಲ. ಹೀಗೆ ದೂರಿನ ಫಲವೇ ಪರಿಹಾರಕ್ಕೆ ಅಡ್ಡಿಯಾಗುತ್ತಿತ್ತು.

ಲಾಸ್ ವೇಗಾಸ್ ನಗರದಲ್ಲಿ 1991ರ ಸೆಪ್ಟೆಂಬರಿನಲ್ಲಿ ನಡೆದ ಟೇಲ್‌ಹುಕ್ ಸಮಾವೇಶದಲ್ಲಿ ನೌಕಾಪಡೆಯ ವೈಮಾನಿಕರು 83 ಮಹಿಳೆಯರ ಮತ್ತು 7 ಪುರುಷರ ಮೇಲೆ ಆಕ್ರಮಣ ನಡೆಸಿದರೆಂದು ರಕ್ಷಣಾ ಇಲಾಖೆಯ ತನಿಖೆಯು ಕಂಡುಕೊಂಡಿತು. ಪಾಲಾ ಕಾಫ್ಲಿನ್ ಎಂಬ ನೌಕಾಪಡೆಯ ಅಧಿಕಾರಿ 1992ರಲ್ಲಿ ಬಹಿರಂಗವಾಗಿ ಮಾತನಾಡಿದ ಮೇಲೆ ವಿಷಯವು ರಾಷ್ಟ್ರದ ಗಮನ ಸೆಳೆಯಿತು. ಅದೇ ವರ್ಷ ಮಹಿಳಾ ಮಾಜಿ ಸೈನಿಕರಿಗೆ ಲೈಂಗಿಕ ಆಘಾತದ ಆಪ್ತಸಲಹೆ ಒದಗಿಸುವ ಕಾನೂನು ಬಂದಿತು. 1994ರಲ್ಲಿ ಅದನ್ನು ಪುರುಷರಿಗೂ ವಿಸ್ತರಿಸಲಾಯಿತು. ಇಲಾಖೆಯ ಆಸ್ಪತ್ರೆಗಳು ತಮ್ಮಲ್ಲಿಗೆ ಬರುವ ಮಾಜಿ ಸೈನಿಕರಿಗೆ ಕೇಳುವ ಪ್ರಶ್ನೆಗೆ ಸುಮಾರು 3 ಮಹಿಳೆಯರಲ್ಲಿ ಒಬ್ಬರು, 50 ಪುರುಷರಲ್ಲಿ ಒಬ್ಬರು ಇಂಥ ಅನುಭವವಾಗಿದೆಯೆಂದು ಉತ್ತರಿಸಿದ್ದಾರೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಇಲಾಖೆಯಲ್ಲಿ ಈ ಆಘಾತಕ್ಕೆ ಉಚಿತ ಚಿಕಿತ್ಸೆ ಪಡೆಯಲು ಯಾವ ದಾಖಲೆಯೂ ಬೇಕಿಲ್ಲ; ಪರಿಹಾರಧನ ಪಡೆಯಲು ಪೋಷಕ ಸಾಕ್ಷ್ಯ ಬೇಕು. ಒಂದೇ ಇಲಾಖೆಯು ಒಂದು ಬಾಗಿಲಲ್ಲಿ ನಂಬಿ, ಇನ್ನೊಂದು ಬಾಗಿಲಲ್ಲಿ ಪುರಾವೆ ಕೇಳುತ್ತದೆ.

ಈ ಕಗ್ಗಂಟನ್ನು ಸಡಿಲಿಸಿದ್ದು ಸಾಕ್ಷ್ಯದ ವ್ಯಾಖ್ಯೆಯ ವಿಸ್ತರಣೆ. ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯವು 1999ರಲ್ಲಿ ಪ್ಯಾಟನ್ ಪ್ರಕರಣದಲ್ಲಿ ವೈಯಕ್ತಿಕ ಆಕ್ರಮಣದ ಅರ್ಜಿಗಳನ್ನು ಭಿನ್ನವಾಗಿ ನೋಡಬೇಕೆಂದು ಹೇಳಿತು. 2002ರಲ್ಲಿ ತಿದ್ದುಪಡಿಯಾದ ನಿಯಮವು ಸೇವಾ ಕಡತದ ಹೊರಗಿನ ಆಧಾರಗಳನ್ನೂ ಸ್ಪಷ್ಟವಾಗಿ ಒಪ್ಪಿತು. ಪೊಲೀಸ್ ಅಥವಾ ಆಸ್ಪತ್ರೆಯ ದಾಖಲೆ, ಗರ್ಭಪರೀಕ್ಷೆ, ಲೈಂಗಿಕ ರೋಗಗಳ ಪರೀಕ್ಷೆ, ಕುಟುಂಬದವರ, ಕೊಠಡಿಯ ಸಂಗಾತಿಗಳ, ಪಾದ್ರಿಗಳ ಹೇಳಿಕೆ ಇವೆಲ್ಲ ಅದರಲ್ಲಿ ಸೇರಿವೆ. ಇವುಗಳಿಗಿಂತ ಮುಖ್ಯವಾದುದು ವರ್ತನೆಯಲ್ಲಿನ ಬದಲಾವಣೆ: ಹಠಾತ್ತಾಗಿ ವರ್ಗಾವಣೆ ಕೋರುವುದು, ಕೆಲಸದ ಗುಣಮಟ್ಟ ಕುಸಿಯುವುದು, ಮಾದಕ ವ್ಯಸನ, ಕಾರಣ ತಿಳಿಯದ ಖಿನ್ನತೆ ಅಥವಾ ಭೀತಿ. ಉತ್ತಮ ವರದಿಗಳನ್ನು ಪಡೆಯುತ್ತಿದ್ದ ಸೈನಿಕಳೊಬ್ಬಳ ವರದಿಯು ಒಂದು ನಿರ್ದಿಷ್ಟ ತಿಂಗಳಿಂದ ಕೆಳಗಿಳಿದಿದ್ದರೆ, ಅಂದು ಶಿಸ್ತಿನ ಲೋಪವೆಂದು ಬರೆದ ಆ ಪುಟವೇ ಇಂದು ಆಘಾತದ ಕುರುಹಾಗಬಹುದು. ಇಂಥ ಆಧಾರಗಳಿಗೆ ಅವಕಾಶವಿದೆಯೆಂದು ಅರ್ಜಿದಾರರಿಗೆ ತಿಳಿಸದೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ. ಕುರುಹುಗಳ ಅರ್ಥವನ್ನು ಕುರಿತು ವೈದ್ಯರ ಅಭಿಪ್ರಾಯವನ್ನೂ ಕೇಳಬಹುದು. ಪರ ಮತ್ತು ವಿರೋಧ ಸಾಕ್ಷ್ಯಗಳು ಸರಿಸುಮಾರು ಸಮತೂಕದಲ್ಲಿದ್ದರೆ ಸಂಶಯದ ಲಾಭವು ಅರ್ಜಿದಾರರಿಗೇ ಸಲ್ಲಬೇಕು.

2013ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸೇವಾವಧಿಯಲ್ಲಿ ದೂರು ನೀಡದೆ ಇದ್ದುದನ್ನೂ ದಾಖಲೆ ಇಲ್ಲದಿರುವುದನ್ನೂ ಆಕ್ರಮಣ ನಡೆಯಲಿಲ್ಲವೆಂಬುದಕ್ಕೆ ಸಾಕ್ಷ್ಯವಾಗಿ ಬಳಸಕೂಡದು ಎಂಬುದು ಅದರ ತೀರ್ಪು. ಬಹುಪಾಲು ಸಂತ್ರಸ್ತರು ದೂರು ನೀಡುವುದಿಲ್ಲವೆಂಬ ವಾಸ್ತವವೇ ಈ ತೀರ್ಪಿಗೆ ಹಿನ್ನೆಲೆ.

ಆದರೂ ನಿಯಮಕ್ಕೂ ಆಚರಣೆಗೂ ನಡುವೆ ಅಂತರ ಉಳಿಯಿತು. ಇಲಾಖೆಯ ಮಹಾನಿರೀಕ್ಷಕರ 2018ರ ವರದಿಯ ಅಂದಾಜಿನಂತೆ, 2017ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಿರಾಕರಿಸಲಾದ ಸುಮಾರು 2,700 ಅರ್ಜಿಗಳಲ್ಲಿ ಸುಮಾರು 1,300ನ್ನು ಸರಿಯಾಗಿ ಪರಿಶೀಲಿಸಿರಲಿಲ್ಲ. ಅಗತ್ಯವಿದ್ದಲ್ಲಿಯೂ ವೈದ್ಯಕೀಯ ಪರೀಕ್ಷೆ ಕೋರದೆ ಇದ್ದುದು ಕಂಡುಬಂದ ಲೋಪಗಳಲ್ಲೊಂದು. 2021ರ ಮರುಪರಿಶೀಲನೆಯಲ್ಲಿ ಸುಧಾರಣೆಯ ಬದಲು ಲೋಪದ ಪ್ರಮಾಣವು ಶೇಕಡಾ 57 ಎಂದು ಅಂದಾಜಾಯಿತು. 1987ರಲ್ಲಿ ನೌಕಾಪಡೆಯಲ್ಲಿದ್ದಾಗ ಅತ್ಯಾಚಾರಕ್ಕೊಳಗಾದ ರೂತ್ ಮೂರ್ ಪರಿಹಾರಕ್ಕಾಗಿ ಎರಡು ದಶಕಗಳಿಗೂ ಮೀರಿ ಹೋರಾಡಿ, 2012ರಲ್ಲಿ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಸಾಕ್ಷ್ಯದ ಹೊರೆಯನ್ನು ಹಗುರಗೊಳಿಸಲೆಂದು ಅವರ ಹೆಸರಿನಲ್ಲಿ ಮಂಡಿತವಾದ ಮಸೂದೆ ಕಾನೂನಾಗಲಿಲ್ಲ. ಅಗೌರವದ ಬಿಡುಗಡೆ ಪತ್ರವನ್ನು ತಿದ್ದಿಸಿಕೊಳ್ಳಲು ಬಯಸುವವರ ಅರ್ಜಿಗಳನ್ನು ಉದಾರವಾಗಿ ಪರಿಗಣಿಸಬೇಕೆಂದು ರಕ್ಷಣಾ ಇಲಾಖೆಯು 2014ರಲ್ಲಿ ಆಘಾತೋತ್ತರ ವ್ಯಾಧಿಯ ವಿಷಯವಾಗಿ ನೀಡಿದ ಸೂಚನೆಯನ್ನು 2017ರಲ್ಲಿ ಲೈಂಗಿಕ ಆಕ್ರಮಣದ ಪ್ರಕರಣಗಳಿಗೂ ವಿಸ್ತರಿಸಿತು.

ಒಟ್ಟಿನಲ್ಲಿ ಈ ಇತಿಹಾಸವು ಪರಿಹಾರಧನದ ಮೊತ್ತಕ್ಕಿಂತ ದಾಖಲೆಯ ಸ್ವರೂಪವನ್ನು ಕುರಿತದ್ದೆನ್ನಬಹುದು. ಕಡತವನ್ನು ಬರೆಯುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರ ವಿರುದ್ಧದ ದೂರನ್ನು ಅದೇ ಕಡತದಲ್ಲಿ ಹುಡುಕುವುದು ನ್ಯಾಯವಾಗದು. ಕಡತದ ಮೌನವು ನಿರಾಕರಣೆಯಲ್ಲವೆಂಬುದನ್ನು ಕಾನೂನು ಒಪ್ಪಿದೆ. ಅರ್ಜಿಯನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬ ಅಧಿಕಾರಿಯೂ ಆ ಮೌನವನ್ನು ಹಾಗೆಯೇ ಓದಲು ಕಲಿತಾಗ ಮಾತ್ರ ಆ ಒಪ್ಪಿಗೆಯು ಸಾರ್ಥಕವಾದೀತು.